ಹಳೆಯ ಕಾರು, ದೂರದ ದಾರಿ: ಉಷ್ಣದ ಜಮಾಖರ್ಚು

೧೯೬೬ನೆಯ ಇಸವಿಯಲ್ಲಿ ಜರ್ಮನಿಯ ನ್ಯೂರ್‌ಬರ್ಗ್‌ರಿಂಗ್ ಪಥದಲ್ಲಿ ‘ಮ್ಯಾರಥಾನ್ ದ ಲಾ ರೂಟ್’ ಎಂಬ ಪಂದ್ಯವೊಂದು ನಡೆಯಿತು. ಅದರಲ್ಲಿ ಕಾರುಗಳು ೮೪ ಗಂಟೆಗಳ ಕಾಲ, ಎಂದರೆ ಮೂರೂವರೆ ಹಗಲು ರಾತ್ರಿಗಳು, ಓಡುತ್ತಲೇ ಇರಬೇಕಾಗಿತ್ತು. ಗೆದ್ದುದು ಎಂಜಿಬಿ ಎಂಬ ಪುಟ್ಟ ಬ್ರಿಟಿಷ್ ಸ್ಪೋರ್ಟ್ಸ್ ಕಾರು. ಇಂಗ್ಲೆಂಡಿನ ಆಬಿಂಗ್ಡನ್ ಪಟ್ಟಣದ ಕಾರ್ಖಾನೆಯಲ್ಲಿ ೧೯೬೨ರಿಂದ ೧೯೮೦ರವರೆಗೆ ಈ ಜಾತಿಯ ಕಾರುಗಳು ಐದು ಲಕ್ಷಕ್ಕೂ ಮಿಗಿಲಾಗಿ ತಯಾರಾದವು. ಅವುಗಳಲ್ಲಿ ಎಷ್ಟೋ ಕಾರುಗಳನ್ನು ಒಡೆಯರು ಇಂದಿಗೂ ಜತನದಿಂದ ಉಳಿಸಿಕೊಂಡು, ಬೇಸಗೆ ಬಂದೊಡನೆ ಯೂರೋಪಿನ ಉದ್ದಗಲಕ್ಕೆ ಪ್ರವಾಸ ಹೊರಡುತ್ತಾರೆ.

ಆದರೆ ಇಲ್ಲೊಂದು ಒಗಟುಂಟು. ವಾರಕ್ಕೊಮ್ಮೆ ಊರೊಳಗೆ ಹತ್ತು ನಿಮಿಷ ಓಡಾಡಿ ಯಾವ ತಕರಾರನ್ನೂ ಮಾಡದ ಹಳೆಯ ಕಾರು, ದೂರ ಪ್ರಯಾಣದ ಮೊದಲ ದಿನವೇ ಮೂತಿಯಿಂದ ಹಬೆ ಕಾರುತ್ತಾ ರಸ್ತೆಯ ಪಕ್ಕದಲ್ಲಿ ನಿಂತುಬಿಡುವುದುಂಟು. ಅದೇ ಜಾತಿಯ ಕಾರು ಹೊಸದಾಗಿದ್ದಾಗ ಮೂರೂವರೆ ದಿನ ಬಿಡದೆ ಓಡಿತ್ತು. ಆದುದರಿಂದ ರಚನೆಯಲ್ಲಿ ದೋಷವಿದೆಯೆಂದು ಹೇಳುವಂತಿಲ್ಲ. ಊರೊಳಗೆ ಸರಿಯಾಗಿಯೇ ಓಡುವುದರಿಂದ ಕಾರು ಕೆಟ್ಟಿದೆಯೆಂದೂ ಹೇಳುವಂತಿಲ್ಲ. ಹಾಗಾದರೆ ದೂರದ ದಾರಿ ಕಾರಿನಿಂದ ಕೇಳುವ ಹೊಸ ಪ್ರಶ್ನೆ ಯಾವುದು?

ಭೌತಶಾಸ್ತ್ರವನ್ನು ಬಲ್ಲವರು ಈ ಪ್ರಶ್ನೆಗೆ ಒಂದೇ ಮಾತಿನಲ್ಲಿ ಉತ್ತರ ಹೇಳಬಹುದು: ಉಷ್ಣ. ಆ ಒಂದು ಮಾತನ್ನು ಬಿಡಿಸಿ ನೋಡುವುದಕ್ಕಾಗಿ ನಾವು ಒಂದು ಕಾಲ್ಪನಿಕ ಪ್ರಯಾಣವನ್ನು ಕೈಗೊಳ್ಳೋಣ. ೧೯೬೦ರ ದಶಕದ ಒಂದು ಎಂಜಿಬಿಯಲ್ಲಿ ಇಬ್ಬರು ಸಾಮಾನು ಸಹಿತ ಆಬಿಂಗ್ಡನ್ನಿನಿಂದ ಹೊರಟು, ಇಂಗ್ಲಿಷ್ ಕಡಲ್ಗಾಲುವೆಯನ್ನು ದಾಟಿ, ಸಾವಿರ ಕಿಲೋಮೀಟರಿಗೂ ಹೆಚ್ಚು ದೂರ ಸಾಗಿ, ಇಟಲಿಯ ಆಲ್ಪ್ಸ್ ಪರ್ವತದ ಸ್ಟೆಲ್ವಿಯೊ ಕಣಿವೆದಾರಿಯನ್ನು ಏರಿ ಇಳಿಯುತ್ತಾರೆಂದು ಭಾವಿಸೋಣ.

ಜಮೆ ಎಷ್ಟು, ಖರ್ಚು ಎಷ್ಟು?

ಎಂಜಿಬಿಯ ಎಂಜಿನ್ನಿನಲ್ಲಿ ನಾಲ್ಕು ಸಿಲಿಂಡರುಗಳಿವೆ. ಅವುಗಳ ಒಟ್ಟು ಗಾತ್ರ ಸುಮಾರು ೧,೮೦೦ ಘನ ಸೆಂಟಿಮೀಟರು. ಸಾಮರ್ಥ್ಯ ೯೫ ಅಶ್ವಶಕ್ತಿ. ಗಂಟೆಗೆ ೧೦೦ ಕಿಲೋಮೀಟರ್ ವೇಗದಲ್ಲಿ ಅದು ಗಂಟೆಗೆ ಸುಮಾರು ೧೦ ಲೀಟರ್ ಪೆಟ್ರೋಲನ್ನು ಉರಿಸುತ್ತದೆ ಎಂದಿಟ್ಟುಕೊಳ್ಳೋಣ. ಒಂದು ಲೀಟರ್ ಪೆಟ್ರೋಲು ಉರಿದಾಗ ಸುಮಾರು ೩ ಕೋಟಿ ೨೦ ಲಕ್ಷ ಜೂಲ್ ಉಷ್ಣ ಹುಟ್ಟುತ್ತದೆ. ಹತ್ತು ಲೀಟರಿನ ಉಷ್ಣವನ್ನು ಗಂಟೆಯ ೩,೬೦೦ ಸೆಕೆಂಡುಗಳಿಂದ ಭಾಗಿಸಿದರೆ ಸೆಕೆಂಡಿಗೆ ಸುಮಾರು ೮೯,೦೦೦ ಜೂಲ್, ಎಂದರೆ ೮೯ ಕಿಲೋವ್ಯಾಟ್ ಆಗುತ್ತದೆ.

ಇದರಲ್ಲಿ ಚಕ್ರವನ್ನು ತಿರುಗಿಸಲು ಉಪಯೋಗವಾಗುವುದು ಐದರಲ್ಲೊಂದು ಪಾಲು ಮಾತ್ರ. ಉಳಿದುದರಲ್ಲಿ ಬಹುಭಾಗ ಹೊಗೆಕೊಳವೆಯಿಂದ ಹೊರಗೆ ಹೋಗುತ್ತದೆ. ಒಟ್ಟಿನ ಮೂರರಲ್ಲೊಂದು ಪಾಲಿಗೆ ಸಮೀಪವಾದಷ್ಟು, ಎಂದರೆ ಸುಮಾರು ೨೮ ಕಿಲೋವ್ಯಾಟ್, ಎಂಜಿನ್ನಿನ ಗೋಡೆಗಳನ್ನು ಹೊಕ್ಕು ಅದರ ಸುತ್ತ ಹರಿಯುವ ನೀರಿಗೆ ಸೇರುತ್ತದೆ. ಒಂದೊಂದು ಕಿಲೋವ್ಯಾಟಿನ ೨೮ ವಿದ್ಯುತ್ ಒಲೆಗಳನ್ನು ಒಟ್ಟಿಗೆ ಹೊತ್ತಿಸಿ ಅವುಗಳ ಮೇಲೆ ಆರೇಳು ಲೀಟರ್ ನೀರಿಟ್ಟಂತೆ ಇದು! ಆ ನೀರು ಕುದಿದು ಹೋಗದಂತೆ ಕಾಪಾಡುವುದು ಕಾರಿನ ಮುಂಭಾಗದಲ್ಲಿರುವ ರೇಡಿಯೇಟರ್. ಸೂಕ್ಷ್ಮವಾದ ನಾಳಗಳಲ್ಲಿ ಹರಿಯುವ ಬಿಸಿನೀರು ಎದುರಿನಿಂದ ಬೀಸುವ ಗಾಳಿಗೆ ತನ್ನ ಉಷ್ಣವನ್ನು ಕೊಟ್ಟು ತಣಿಯುತ್ತದೆ.

ತರಗತಿಯಲ್ಲಿ ನಾವು ನ್ಯೂಟನ್ನನ ಶೀತಲೀಕರಣ ನಿಯಮವನ್ನು ಕಲಿಯುತ್ತೇವೆ. ಬಿಸಿಯಾದ ವಸ್ತು ಉಷ್ಣವನ್ನು ಕಳೆದುಕೊಳ್ಳುವ ದರವು ಅದಕ್ಕೂ ಸುತ್ತಲಿನ ಗಾಳಿಗೂ ಇರುವ ಉಷ್ಣತೆಯ ಅಂತರಕ್ಕೆ ಅನುಪಾತದಲ್ಲಿರುತ್ತದೆ. ಆದುದರಿಂದ ಜಮೆ ಹೆಚ್ಚಾದರೆ ಉಷ್ಣತೆ ಏರುತ್ತದೆ. ಉಷ್ಣತೆ ಏರಿದಂತೆ ಖರ್ಚೂ ಏರುತ್ತದೆ. ಜಮೆ ಖರ್ಚುಗಳು ಸಮನಾದಾಗ ಉಷ್ಣತೆ ನಿಲ್ಲುತ್ತದೆ. ಇದೇ ಉಷ್ಣ ಸಮಸ್ಥಿತಿ. ಸುಸ್ಥಿತಿಯಲ್ಲಿರುವ ಒಂದು ರೇಡಿಯೇಟರು ೨೮ ಕಿಲೋವ್ಯಾಟನ್ನು ಹೊರದೂಡಲು ಗಾಳಿಗಿಂತ ೫೦ ಡಿಗ್ರಿ ಬಿಸಿಯಾಗಿದ್ದರೆ ಸಾಕು ಎಂದು ಇಟ್ಟುಕೊಳ್ಳೋಣ. ಗಾಳಿ ೨೦ ಡಿಗ್ರಿಯಿದ್ದರೆ ನೀರು ೭೦ ಡಿಗ್ರಿಯಲ್ಲಿ ನಿಲ್ಲಬಲ್ಲುದು. ಎಂಜಿನ್ನು ಅಷ್ಟು ತಣ್ಣಗಿರುವುದೂ ಒಳ್ಳೆಯದಲ್ಲವಾದುದರಿಂದ ಥರ್ಮೊಸ್ಟಾಟ್ ಎಂಬ ಬಾಗಿಲು ನೀರಿನ ಹರಿವನ್ನು ತಡೆದು ಅದನ್ನು ಸುಮಾರು ೮೦ ಡಿಗ್ರಿಯಲ್ಲಿ ಇರಿಸುತ್ತದೆ.

ಈಗ ಅರುವತ್ತು ವರ್ಷ ಕಳೆದಿದೆ. ಸ್ನಾನದ ಹಂಡೆಯ ಒಳಮೈಗೆ ಸುಣ್ಣದ ಹೊಪ್ಪಳೆ ಕಟ್ಟುವುದನ್ನು ಎಲ್ಲರೂ ನೋಡಿದ್ದೇವೆ. ರೇಡಿಯೇಟರಿನ ನಾಳಗಳಲ್ಲಿಯೂ ಸುಣ್ಣ, ತುಕ್ಕು, ಕೆಸರು ಸೇರಿ ಅದರ ಸಾಮರ್ಥ್ಯ ಅರ್ಧಕ್ಕಿಳಿದಿದ್ದರೆ ಅದೇ ಉಷ್ಣವನ್ನು ಹೊರದೂಡಲು ೧೦೦ ಡಿಗ್ರಿಯ ಅಂತರ ಬೇಕು. ನೀರು ೧೨೦ ಡಿಗ್ರಿಗೆ ಏರಬೇಕು. ಅದಕ್ಕೆ ಮೊದಲೇ ಕುದಿದುಹೋಗುತ್ತದೆ. ಊರೊಳಗಿನ ನಿಧಾನ ಸಂಚಾರದಲ್ಲಿ ಜಮೆಯೇ ಕಡಿಮೆ. ಹತ್ತು ನಿಮಿಷದಲ್ಲಿ ಕಾರು ಮನೆ ಸೇರುತ್ತದೆ. ಸಮಸ್ಥಿತಿಯ ತನಕ ಏರಲು ಉಷ್ಣತೆಗೆ ಅವಕಾಶವೇ ಇಲ್ಲ. ಅಲ್ಲಿ ಅಡಗಿದ್ದ ಕೊರತೆ ದೂರದ ದಾರಿಯಲ್ಲಿ ಬಯಲಾಗುತ್ತದೆ. ನಮ್ಮ ಒಗಟಿಗೆ ಉತ್ತರ ಇದೇ. ಗಿಡ್ಡ ಓಡಾಟದಲ್ಲಿ ಕಾರು ಹಳೆಯ ಉಳಿತಾಯದ ಮೇಲೆ ಬದುಕುತ್ತದೆ. ದೂರ ಪ್ರಯಾಣದಲ್ಲಿ ಪ್ರತಿ ನಿಮಿಷದ ಖರ್ಚು ಆ ನಿಮಿಷದ ಜಮೆಯನ್ನು ಸರಿದೂಗಿಸಲೇಬೇಕು.

ಏರುದಾರಿ

ಸ್ಟೆಲ್ವಿಯೊ ದಾರಿಯನ್ನು ಆಸ್ಟ್ರಿಯಾದ ಚಕ್ರಾಧಿಪತ್ಯದ ಕಾಲದಲ್ಲಿ ಕಾರ್ಲೊ ಡೊನೆಗಾನಿ ಎಂಬ ಎಂಜಿನಿಯರನು ೧೮೨೦ರಿಂದ ೧೮೨೫ರವರೆಗಿನ ಅವಧಿಯಲ್ಲಿ ಕಟ್ಟಿಸಿದನು. ಅದರ ನೆತ್ತಿ ಸಮುದ್ರಮಟ್ಟದಿಂದ ೨,೭೫೭ ಮೀಟರ್ ಎತ್ತರದಲ್ಲಿದೆ. ಅಂತಹ ಏರಿನಲ್ಲಿ ಎಂಜಿನ್ನು ಬಯಲುನಾಡಿನ ವೇಗದ ಓಟದಲ್ಲಿ ದುಡಿದಷ್ಟೇ ದುಡಿಯಬೇಕು. ಆದರೆ ಕಾರಿನ ವೇಗ ಗಂಟೆಗೆ ೩೦-೪೦ ಕಿಲೋಮೀಟರಿಗೆ ಇಳಿದಿರುತ್ತದೆ. ರೇಡಿಯೇಟರಿಗೆ ಬೀಸುವ ಗಾಳಿ ಅರ್ಧಕ್ಕೂ ಕಡಿಮೆ. ಆ ಗಾಳಿಯೂ ತೆಳು. ಜಮೆ ಇದ್ದಷ್ಟೇ ಇದೆ, ಖರ್ಚಿನ ದಾರಿ ಕಿರಿದಾಗಿದೆ.

ಇಲ್ಲಿ ನೆರವಿಗೆ ಬರುವುದು ರೇಡಿಯೇಟರಿನ ಬಿಗಿ ಮುಚ್ಚಳ. ಅಡಿಗೆಮನೆಯ ಪ್ರೆಷರ್ ಕುಕ್ಕರಿನಂತೆ ಅದು ಒಳಗಿನ ಒತ್ತಡವನ್ನು ಏರಿಸಿ ಕುದಿಯುವ ಬಿಂದುವನ್ನು ಮೇಲಕ್ಕೆ ತಳ್ಳುತ್ತದೆ. ಹೊರಗಿನ ಗಾಳಿಗಿಂತ ಚದರ ಅಂಗುಲಕ್ಕೆ ೧೦ ಪೌಂಡ್ ಹೆಚ್ಚು ಒತ್ತಡವನ್ನು ತಡೆಯುವ ಮುಚ್ಚಳವಿದ್ದರೆ, ಸಮುದ್ರಮಟ್ಟದಲ್ಲಿ ನೀರು ೧೦೦ ಡಿಗ್ರಿಗೆ ಬದಲು ಸುಮಾರು ೧೧೫ ಡಿಗ್ರಿಯಲ್ಲಿ ಕುದಿಯುತ್ತದೆ. ಸ್ಟೆಲ್ವಿಯೊ ನೆತ್ತಿಯಲ್ಲಿ ತೆರೆದ ಪಾತ್ರೆಯ ನೀರು ೯೧ ಡಿಗ್ರಿಯ ಸುಮಾರಿಗೆ ಕುದಿಯುವುದು. ಅದೇ ಮುಚ್ಚಳವಿದ್ದರೆ ೧೧೦ ಡಿಗ್ರಿಯ ಸುಮಾರಿಗೆ. ಮುಚ್ಚಳದ ಸಣ್ಣ ರಬ್ಬರು ಬಿಲ್ಲೆ ಹಳತಾಗಿ ಸೋರಿದರೆ ಈ ಹತ್ತೊಂಬತ್ತು ಡಿಗ್ರಿಯ ರಕ್ಷಣೆ ಕೈತಪ್ಪಿತು.

ಇದರಲ್ಲಿಯೇ ಒಂದು ಅಪಾಯವೂ ಅಡಗಿದೆ. ೧೦೫ ಡಿಗ್ರಿಯ ನೀರು ಒತ್ತಡದ ಬಲದಿಂದ ಕುದಿಯದೆ ಸುಮ್ಮನಿರುತ್ತದೆ. ಗಾಬರಿಗೊಂಡ ಪ್ರಯಾಣಿಕನು ಮುಚ್ಚಳವನ್ನು ತಿರುವಿದೊಡನೆ ಒತ್ತಡ ಇಳಿದು, ನೀರಿನ ಒಂದು ಭಾಗ ಕ್ಷಣಾರ್ಧದಲ್ಲಿ ಹಬೆಯಾಗಿ, ಉಳಿದುದನ್ನು ಮುಖಕ್ಕೆ ಎರಚುತ್ತದೆ. ಎಂಜಿನ್ನನ್ನು ನಿಲ್ಲಿಸಿ, ಕೈಯಿಂದ ಮುಟ್ಟುವಷ್ಟು ತಣಿಯುವವರೆಗೆ ಕಾಯದೆ ಮುಚ್ಚಳಕ್ಕೆ ಕೈಹಾಕಲೇಬಾರದು.

ಪೆಟ್ರೋಲು ಕುದಿದಾಗ

ಕುದಿಯುವುದು ನೀರೊಂದೇ ಅಲ್ಲ. ಪೆಟ್ರೋಲು ಹಲವು ದ್ರವಗಳ ಮಿಶ್ರಣ. ಅದರ ಹಗುರವಾದ ಭಾಗಗಳು ೩೫-೪೦ ಡಿಗ್ರಿಯಲ್ಲಿಯೇ ಆವಿಯಾಗತೊಡಗುತ್ತವೆ. ಕೊಳವೆಯಲ್ಲಿ ಆವಿಯ ಗುಳ್ಳೆಗಳು ಸೇರಿಕೊಂಡರೆ ಪಂಪು ದ್ರವವನ್ನು ದೂಡುವ ಬದಲು ಗುಳ್ಳೆಗಳನ್ನು ಅದುಮುತ್ತಾ ಕೂರುತ್ತದೆ. ಎಂಜಿನ್ನು ಹಸಿದು ನಿಲ್ಲುತ್ತದೆ. ಎಂಜಿನ್ನಿನ ಮೈಗೆ ಅಂಟಿಕೊಂಡ ಪಂಪು ತೊಟ್ಟಿಯಿಂದ ಪೆಟ್ರೋಲನ್ನು ಹೀರುವ ಕಾರುಗಳಲ್ಲಿ ಈ ಕಾಟ ಹೆಚ್ಚು. ಹೀರುವಾಗ ಒತ್ತಡ ತಗ್ಗುತ್ತದೆ. ಒತ್ತಡ ತಗ್ಗಿದರೆ ಕುದಿಯುವ ಬಿಂದುವೂ ತಗ್ಗುತ್ತದೆ. ಎಂಜಿಬಿಯ ವಿದ್ಯುತ್ ಪಂಪು ಹಿಂಬದಿಯಲ್ಲಿ, ತಂಪಾದ ಜಾಗದಲ್ಲಿದ್ದು ಪೆಟ್ರೋಲನ್ನು ಮುಂದಕ್ಕೆ ತಳ್ಳುತ್ತದೆ; ಆದುದರಿಂದ ಕೊಳವೆಯಲ್ಲಿನ ಒತ್ತಡ ಹೆಚ್ಚಾಗಿಯೇ ಇರುತ್ತದೆ.

ಆದರೆ ಎಂಜಿಬಿಗೂ ಒಂದು ಮರ್ಮಸ್ಥಾನವುಂಟು. ಅದರ ಎರಡು ಕಾರ್ಬುರೇಟರುಗಳೂ ಕೆಂಪಗೆ ಕಾಯುವ ಹೊಗೆಕೊಳವೆಯ ಬುಡವೂ ಎಂಜಿನ್ನಿನ ಒಂದೇ ಪಾರ್ಶ್ವದಲ್ಲಿವೆ. ಓಡುತ್ತಿರುವಷ್ಟು ಕಾಲ ಗಾಳಿಯೂ ಹೊಸ ಪೆಟ್ರೋಲೂ ಕಾರ್ಬುರೇಟರನ್ನು ತಣಿಸುತ್ತವೆ. ಏರು ಮುಗಿದೊಡನೆ ಕಾಫಿಗೆಂದು ಕಾರನ್ನು ನಿಲ್ಲಿಸಿದರೆ ಗಾಳಿ ನಿಂತಿತು, ನೀರಿನ ಹರಿವು ನಿಂತಿತು. ಕಬ್ಬಿಣದಲ್ಲಿ ಶೇಖರವಾದ ಉಷ್ಣ ಮಾತ್ರ ಹೊರಗೆ ಬರುತ್ತಲೇ ಇರುತ್ತದೆ. ಕಾಲು ಗಂಟೆಯ ಮೇಲೆ ಹೊರಡಲು ನೋಡಿದರೆ ಕಾರ್ಬುರೇಟರಿನ ಬಟ್ಟಲಿನಲ್ಲಿದ್ದ ಪೆಟ್ರೋಲು ಕುದಿದು ಹೋಗಿರುತ್ತದೆ. ಇದು ಕೆಟ್ಟುಹೋದ ಲಕ್ಷಣವಲ್ಲ. ಮುಂಭಾಗದ ಮುಚ್ಚಳವನ್ನು ಎತ್ತಿ, ಬಿಸಿಗಾಳಿ ಮೇಲೇರಿ ಹೋಗಲು ಬಿಟ್ಟು, ತಾಳ್ಮೆಯಿಂದ ಕಾಯುವುದೇ ಇದಕ್ಕೆ ಮದ್ದು.

ಇನ್ನೊಂದು ಸಂಗತಿ. ಇಂದಿನ ಪೆಟ್ರೋಲಿನಲ್ಲಿ ಎಥೆನಾಲ್ ಬೆರೆತಿರುತ್ತದೆ. ನೂರಕ್ಕೆ ಹತ್ತರವರೆಗೆ ಎಥೆನಾಲ್ ಇರುವ ಪೆಟ್ರೋಲು ಬ್ರಿಟನ್ನಿನಲ್ಲಿ ೨೦೨೧ರಿಂದ ಸಾಮಾನ್ಯ ದರ್ಜೆಯದಾಯಿತು. ೧೯೬೦ರ ದಶಕದ ರಬ್ಬರು ಕೊಳವೆಗಳನ್ನು ಇಂತಹ ಮಿಶ್ರಣಕ್ಕಾಗಿ ಮಾಡಿದ್ದಲ್ಲ. ಅವು ಕ್ರಮೇಣ ಮೆದುವಾಗಿಯೋ ಬಿರುಕುಬಿಟ್ಟೋ ಸೋರಬಹುದು. ಕಾದ ಕಬ್ಬಿಣದ ಮೇಲೆ ಪೆಟ್ರೋಲು ತೊಟ್ಟಿಕ್ಕಿದರೆ ಏನಾಗುವುದೆಂದು ಹೇಳಬೇಕಾಗಿಲ್ಲ. ಎಥೆನಾಲನ್ನು ತಡೆಯುವ ಹೊಸ ಕೊಳವೆಗಳನ್ನು ಹಾಕಿಸುವುದು ಹೊರಡುವ ಮೊದಲೇ ಆಗಬೇಕಾದ ಕೆಲಸ.

ನೆತ್ತಿಯ ತೆಳುಗಾಳಿ

ಸ್ಟೆಲ್ವಿಯೊ ನೆತ್ತಿಯಲ್ಲಿ ಗಾಳಿಯ ಸಾಂದ್ರತೆ ಸಮುದ್ರಮಟ್ಟದಲ್ಲಿರುವುದರ ಸುಮಾರು ಮುಕ್ಕಾಲು ಪಾಲು. ಪ್ರತಿ ಉಸಿರಿನಲ್ಲಿಯೂ ಎಂಜಿನ್ನಿಗೆ ದೊರೆಯುವ ಆಮ್ಲಜನಕವೂ ಅಷ್ಟೇ. ೯೫ ಅಶ್ವಗಳಲ್ಲಿ ಕಾಲುಭಾಗ ಕೆಳಗೇ ಉಳಿದುಬಿಟ್ಟಂತಾಯಿತು.

ಪೆಟ್ರೋಲು ಮಾತ್ರ ಅದೇ ಅನುಪಾತದಲ್ಲಿ ಕಡಿಮೆಯಾಗುವುದಿಲ್ಲ. ಕಾರ್ಬುರೇಟರಿನಲ್ಲಿ ಒತ್ತಡದ ಒಂದೇ ವ್ಯತ್ಯಾಸ ಗಾಳಿಯನ್ನೂ ಪೆಟ್ರೋಲನ್ನೂ ಸೆಳೆಯುತ್ತದೆ. ಹರಿವಿನ ದ್ರವ್ಯರಾಶಿ ಆಯಾ ವಸ್ತುವಿನ ಸಾಂದ್ರತೆಯ ವರ್ಗಮೂಲಕ್ಕೆ ಅನುಪಾತದಲ್ಲಿರುತ್ತದೆ. ಗಾಳಿ ತೆಳುವಾಗಿದೆ, ಪೆಟ್ರೋಲಿನ ಸಾಂದ್ರತೆ ಹಾಗೆಯೇ ಇದೆ. ಲೆಕ್ಕ ಹಾಕಿದರೆ ಮಿಶ್ರಣದಲ್ಲಿ ಪೆಟ್ರೋಲಿನ ಪಾಲು ನೂರಕ್ಕೆ ಸುಮಾರು ಹದಿನೈದರಷ್ಟು ಹೆಚ್ಚುತ್ತದೆ. ಎಂಜಿನ್ನು ಮುಗ್ಗರಿಸುವುದೂ ಕಪ್ಪು ಹೊಗೆ ಉಗುಳುವುದೂ ಇದರಿಂದಲೇ. ಕೆಳಗಿಳಿದರೆ ತಾನಾಗಿ ಸರಿಹೋಗುತ್ತದೆ. ಬೆಟ್ಟದ ಮೇಲೆ ಕಾರ್ಬುರೇಟರನ್ನು ತಿರುಚಿ ಇಟ್ಟರೆ ಬಯಲಿನಲ್ಲಿ ತೊಂದರೆಯಾಗುವುದು.

ಇಳಿಜಾರಿನ ಲೆಕ್ಕ

ಏರು ಮುಗಿಯಿತೆಂದರೆ ಕಷ್ಟ ಮುಗಿಯಿತೆಂದು ಯಾರಾದರೂ ತಿಳಿದಾರು. ವಾಸ್ತವವಾಗಿ ಜೀವದ ಪ್ರಶ್ನೆ ಆರಂಭವಾಗುವುದು ಇಳಿಯುವಾಗ. ಏರುವಾಗ ಎಂಜಿನ್ನು ಸೋತರೆ ಕಾರು ನಿಲ್ಲುತ್ತದೆ. ಇಳಿಯುವಾಗ ಬ್ರೇಕು ಸೋತರೆ ಕಾರು ನಿಲ್ಲುವುದಿಲ್ಲ.

ಸ್ಟೆಲ್ವಿಯೊದಿಂದ ಪ್ರಾಟೊ ಎಂಬ ಊರಿನ ಕಡೆಗೆ ಇಳಿಯುವ ದಾರಿ ಸುಮಾರು ೨೫ ಕಿಲೋಮೀಟರ್ ಉದ್ದವಿದೆ. ಅದರಲ್ಲಿ ೪೮ ಹಿಮ್ಮುರಿ ತಿರುವುಗಳಿವೆ. ಇಳಿಯುವ ಎತ್ತರ ಸುಮಾರು ೧,೮೦೦ ಮೀಟರ್. ಸಾಮಾನು ಸಹಿತ ಕಾರಿನ ದ್ರವ್ಯರಾಶಿ ೧,೧೦೦ ಕಿಲೋಗ್ರಾಂ ಎಂದಿಟ್ಟುಕೊಂಡರೆ, ನೆತ್ತಿಯಲ್ಲಿ ಅದರ ಪ್ರಚ್ಛನ್ನ ಶಕ್ತಿ, ಎಂದರೆ ದ್ರವ್ಯರಾಶಿ, ಗುರುತ್ವ ವೇಗೋತ್ಕರ್ಷ ಮತ್ತು ಎತ್ತರಗಳ ಗುಣಲಬ್ಧ, ಸುಮಾರು ೧ ಕೋಟಿ ೯೪ ಲಕ್ಷ ಜೂಲ್. ತಪ್ಪಲನ್ನು ತಲಪುವಷ್ಟರಲ್ಲಿ ಇಷ್ಟನ್ನೂ ಎಲ್ಲಿಯಾದರೂ ಖರ್ಚು ಮಾಡಲೇಬೇಕು. ಗಾಳಿಯ ತಡೆ ಮತ್ತು ಟೈರುಗಳ ಉರುಳು ಘರ್ಷಣೆಗೆ ಕಾಲುಭಾಗ ಹೋದರೂ ಸುಮಾರು ೧ ಕೋಟಿ ೪೫ ಲಕ್ಷ ಜೂಲ್ ಉಳಿಯುತ್ತದೆ. ಒಂದು ದೊಡ್ಡ ಹಂಡೆಯಲ್ಲಿನ ೪೦ ಲೀಟರಿಗೂ ಹೆಚ್ಚು ತಣ್ಣೀರನ್ನು ಕುದಿಬಿಂದುವಿಗೆ ತರಲು ಅದು ಸಾಕು.

ಇದನ್ನೆಲ್ಲ ಬ್ರೇಕುಗಳ ಮೇಲೆಯೇ ಹೊರಿಸಿದರೆ? ನಾಲ್ಕು ಚಕ್ರಗಳ ಬ್ರೇಕಿನ ಕಬ್ಬಿಣ ಒಟ್ಟು ೨೫ ಕಿಲೋ ಇದೆಯೆಂದು ಊಹಿಸಿ, ಕಬ್ಬಿಣದ ವಿಶಿಷ್ಟೋಷ್ಣದಿಂದ ಲೆಕ್ಕ ಹಾಕಿದರೆ, ಉಷ್ಣವೆಲ್ಲ ಅಲ್ಲಿಯೇ ಉಳಿದಲ್ಲಿ ಉಷ್ಣತೆ ೧,೨೦೦ ಡಿಗ್ರಿಗೂ ಹೆಚ್ಚು ಏರಬೇಕು. ಎರಕದ ಕಬ್ಬಿಣ ಕರಗುವ ಉಷ್ಣತೆಗೆ ಇದು ಸಮೀಪ! ಗಾಳಿ ಬಹುಪಾಲನ್ನು ಒಯ್ಯುವುದರಿಂದ ಹಾಗಾಗುವುದಿಲ್ಲ, ನಿಜ. ಆದರೆ ತಿರುವಿನಿಂದ ತಿರುವಿಗೆ ಬ್ರೇಕನ್ನು ಒತ್ತುತ್ತಲೇ ಇಳಿದರೆ ಕೆಲವು ನೂರು ಡಿಗ್ರಿಯಂತೂ ಆಗಬಹುದು.

ಆಗ ಎರಡು ಬಗೆಯ ಕೇಡು ಬರುತ್ತದೆ. ಮೊದಲನೆಯದು ಘರ್ಷಣೆಯದು. ಅತಿಯಾಗಿ ಕಾದಾಗ ಬ್ರೇಕಿನ ಪದರದ ಘರ್ಷಣಾಂಕ ಇಳಿಯುತ್ತದೆ. ಎಂಜಿಬಿಯ ಹಿಂದಿನ ಚಕ್ರಗಳಲ್ಲಿ ಡ್ರಮ್ ಬ್ರೇಕುಗಳಿವೆ. ಕಾದ ಡ್ರಮ್ಮು ಹಿಗ್ಗಿ, ಒಳಗಿನಿಂದ ಒತ್ತುವ ಪದರದಿಂದ ದೂರ ಸರಿಯುತ್ತದೆ. ಮುಂದಿನ ಚಕ್ರಗಳ ಬಿಲ್ಲೆ ಬ್ರೇಕುಗಳು ಗಾಳಿಗೆ ತೆರೆದಿರುವುದರಿಂದ ಈ ವಿಷಯದಲ್ಲಿ ಮೇಲು.

ಎರಡನೆಯ ಕೇಡು ಇನ್ನೂ ಘೋರವಾದುದು. ಕಾಲಿನ ಒತ್ತನ್ನು ಚಕ್ರಕ್ಕೆ ಮುಟ್ಟಿಸುವುದು ಕೊಳವೆಯೊಳಗಿನ ಬ್ರೇಕು ದ್ರವ. ದ್ರವಗಳು ಅದುಮಿದರೆ ಕುಗ್ಗುವುದಿಲ್ಲ ಎಂಬ ಪಾಸ್ಕಲನ ತತ್ತ್ವದ ನೆಲೆಗಟ್ಟೇ ಇದರ ಆಧಾರ. ಈ ದ್ರವಕ್ಕೆ ಗಾಳಿಯ ತೇವವನ್ನು ಹೀರುವ ಸ್ವಭಾವವಿದೆ. ಇಂದು ಬಳಕೆಯಲ್ಲಿರುವ ‘ಡಾಟ್ ನಾಲ್ಕು’ ದರ್ಜೆಯ ದ್ರವ ಹೊಸದಾಗಿದ್ದಾಗ ಕನಿಷ್ಠ ೨೩೦ ಡಿಗ್ರಿಯವರೆಗೆ ಕುದಿಯಬಾರದೆಂದು ನಿಯಮವಿದೆ. ತೇವ ಹೀರಿದ ಮೇಲೆ ಆ ಮಿತಿ ೧೫೫ ಡಿಗ್ರಿ ಮಾತ್ರ. ದ್ರವ ಕುದಿದರೆ ಆವಿಯ ಗುಳ್ಳೆ; ಗುಳ್ಳೆ ಅದುಮಿದರೆ ಕುಗ್ಗುತ್ತದೆ. ಚಾಲಕನು ಒತ್ತಿದ ಬ್ರೇಕು ನೆಲ ಮುಟ್ಟುತ್ತದೆ. ಚಕ್ರಕ್ಕೆ ಸುದ್ದಿಯೇ ತಲಪುವುದಿಲ್ಲ. ಮೊದಮೊದಲಿನ ಎಂಜಿಬಿಗಳಲ್ಲಿ ನಾಲ್ಕು ಚಕ್ರಗಳಿಗೂ ಒಂದೇ ದ್ರವಮಾರ್ಗವಿದ್ದಿತು. ಇಂದಿನ ಕಾರುಗಳಲ್ಲಿರುವಂತೆ ಎರಡನೆಯ ಮಾರ್ಗದ ಆಸರೆ ಇರಲಿಲ್ಲ. ವರ್ಷಗಟ್ಟಲೆ ಬದಲಿಸದ ಬ್ರೇಕು ದ್ರವ ಬಯಲಿನಲ್ಲಿ ಯಾವ ಸುಳಿವನ್ನೂ ಕೊಡದೆ, ಮೂವತ್ತನೆಯ ತಿರುವಿನಲ್ಲಿ ಕೈಕೊಡಬಹುದು.

ಪರಿಹಾರ ನಮ್ಮ ಘಟ್ಟದ ಲಾರಿ ಚಾಲಕರಿಗೆಲ್ಲ ಗೊತ್ತಿರುವುದೇ: ಏರಿದ ಗೇರಿನಲ್ಲಿಯೇ ಇಳಿಯಬೇಕು. ಇದರ ಒಳಗುಟ್ಟೇನು? ಕೆಳಗಿನ ಗೇರಿನಲ್ಲಿ ಚಕ್ರಗಳೇ ಎಂಜಿನ್ನನ್ನು ವೇಗವಾಗಿ ತಿರುಗಿಸಬೇಕಾಗುತ್ತದೆ. ಪೆಟ್ರೋಲು ದೊರೆಯದ ಎಂಜಿನ್ನು ಆಗ ಒಂದು ಗಾಳಿಪಂಪಾಗಿ, ಘರ್ಷಣೆಯ ಯಂತ್ರವಾಗಿ, ಕಾರಿನ ಶಕ್ತಿಯನ್ನು ನುಂಗುತ್ತದೆ. ಹೀಗೆ ಹುಟ್ಟುವ ಉಷ್ಣ ಸೇರುವುದು ಎಂಜಿನ್ನಿನ ನೀರಿಗೆ, ಎಣ್ಣೆಗೆ, ಹೊಗೆಕೊಳವೆಗೆ. ಏರುವಾಗ ದುಡಿದು ದಣಿದ ರೇಡಿಯೇಟರಿಗೆ ಇಳಿಯುವಾಗ ಬೇರೆ ಕೆಲಸವಿಲ್ಲ. ಬ್ರೇಕಿನ ಖಾತೆಯ ಹೊರೆಯನ್ನು ಬಿಡುವಾಗಿರುವ ರೇಡಿಯೇಟರಿನ ಖಾತೆಗೆ ವರ್ಗಾಯಿಸುವ ಉಪಾಯವಿದು.

ತಂತಿಯ ಕೀಲು, ಟೈರಿನ ವಯಸ್ಸು

ಇರುಳಾಯಿತು, ದೀಪಗಳು ಹೊತ್ತಿದುವು. ಹಳೆಯ ತಂತಿಯ ಕೀಲಿನಲ್ಲಿ ಕಿಲುಬು ಹಿಡಿದು ಓಮಿನ ಹತ್ತನೆಯ ಒಂದು ಭಾಗದಷ್ಟು ರೋಧ ಸೇರಿದೆಯೆನ್ನೋಣ. ಅದರ ಮೂಲಕ ೧೦ ಆಂಪಿಯರ್ ಹರಿದರೆ ೧೨ ವೋಲ್ಟಿನಲ್ಲಿ ಒಂದು ವೋಲ್ಟು ಅಲ್ಲಿಯೇ ನಷ್ಟ. ನಷ್ಟವು ಹನ್ನೆರಡರಲ್ಲೊಂದು ಪಾಲಾದರೂ, ತಂತು ದೀಪದ ಬೆಳಕು ವೋಲ್ಟಿಗಿಂತ ಬಹು ವೇಗವಾಗಿ ಕುಸಿಯುವುದರಿಂದ ಸುಮಾರು ಕಾಲುಭಾಗ ಬೆಳಕು ಹೋಯಿತು. ಆ ಕೀಲಿನಲ್ಲಿ ೧೦ ವ್ಯಾಟ್ ಉಷ್ಣ ಗಂಟೆಗಟ್ಟಲೆ ಹುಟ್ಟುತ್ತಿರುತ್ತದೆ. ಉಷ್ಣದಿಂದ ಕಿಲುಬು ಹೆಚ್ಚುತ್ತದೆ, ಕಿಲುಬಿನಿಂದ ಉಷ್ಣ ಹೆಚ್ಚುತ್ತದೆ. ಕೀಲುಗಳನ್ನು ಬಿಚ್ಚಿ ಉಜ್ಜಿ ಬಿಗಿಯುವ ಒಂದು ಮಧ್ಯಾಹ್ನದ ಕೆಲಸ ಇದನ್ನು ತಪ್ಪಿಸುತ್ತದೆ.

ಟೈರಿನ ಕಥೆಯೂ ಇಂತಹುದೇ. ಉರುಳುವ ಟೈರು ಪ್ರತಿ ಸುತ್ತಿನಲ್ಲಿಯೂ ನೆಲ ಮುಟ್ಟಿದೆಡೆ ಚಪ್ಪಟೆಯಾಗಿ ಮತ್ತೆ ದುಂಡಗಾಗುತ್ತದೆ. ಬಾಗಿಸಲು ಹಿಡಿದ ಶಕ್ತಿಯನ್ನೆಲ್ಲ ರಬ್ಬರು ಹಿಂದಕ್ಕೆ ಕೊಡುವುದಿಲ್ಲ, ಉಳಿದುದು ಉಷ್ಣವಾಗುತ್ತದೆ. ಗಾಳಿ ಕಡಿಮೆಯಿದ್ದರೆ ಬಾಗುವಿಕೆ ಹೆಚ್ಚು, ಉಷ್ಣವೂ ಹೆಚ್ಚು. ಹೆಚ್ಚು ಓಡದ ಕಾರಿನ ಟೈರುಗಳ ಹಲ್ಲುಗಳು ಹೊಸದರಂತೆ ಕಂಡರೂ ಕಾಲದಿಂದ ರಬ್ಬರು ಬಿರುಸಾಗಿ ಒಳಗೆ ಬಿರುಕುಬಿಟ್ಟಿರಬಹುದು. ಟೈರಿನ ಮಗ್ಗುಲಲ್ಲಿ ತಯಾರಿಕೆಯ ಗುರುತಿನ ಕೊನೆಗೆ ನಾಲ್ಕು ಅಂಕಿಗಳಿರುತ್ತವೆ. ೨೩೧೯ ಎಂದಿದ್ದರೆ ಅದು ೨೦೧೯ನೆಯ ವರ್ಷದ ೨೩ನೆಯ ವಾರದಲ್ಲಿ ತಯಾರಾಯಿತೆಂದು ಅರ್ಥ. ಹಲ್ಲನ್ನು ನೋಡಿದರೆ ಸಾಲದು, ಜಾತಕವನ್ನೂ ನೋಡಬೇಕು.

ಹೊರಡುವ ಮುನ್ನ

ಮೇಲಿನ ವಿಚಾರಗಳಿಂದ ಹೊರಡುವ ವ್ಯಾವಹಾರಿಕ ನಿಯಮ ಒಂದೇ. ನಿಂತಿರುವ ಕಾರನ್ನು ಎಷ್ಟು ಪರೀಕ್ಷಿಸಿದರೂ ದೂರ ಪ್ರಯಾಣಕ್ಕೆ ಅದು ಯೋಗ್ಯವೇ ಎಂದು ತಿಳಿಯುವುದಿಲ್ಲ. ಅದನ್ನು ಸಮಸ್ಥಿತಿಗೆ ತಂದು ನೋಡಬೇಕು. ಬ್ರೇಕು ದ್ರವ, ಕೊಳವೆಗಳು, ರೇಡಿಯೇಟರಿನ ನೀರು ಮತ್ತು ಮುಚ್ಚಳ ಇವುಗಳನ್ನು ಹೊಸದು ಮಾಡಿದ ಮೇಲೆ, ನೂರು ನೂರೈವತ್ತು ಕಿಲೋಮೀಟರಿನ ಒಂದು ಓಟವನ್ನು ಮನೆಗೆ ಹತ್ತಿರದಲ್ಲಿಯೇ ಮಾಡಬೇಕು. ನೀರು ಕೆಲವು ನಿಮಿಷಗಳಲ್ಲಿ, ಎಣ್ಣೆ ಅದಕ್ಕಿಂತ ನಿಧಾನವಾಗಿ, ಟೈರು ಸುಮಾರು ಅರ್ಧ ಗಂಟೆಯಲ್ಲಿ ತಮ್ಮ ತಮ್ಮ ಕೊನೆಯ ಉಷ್ಣತೆಯನ್ನು ಮುಟ್ಟುತ್ತವೆ. ಆ ಮೇಲೂ ಉಷ್ಣಮಾಪಕದ ಮುಳ್ಳು ಏರುತ್ತಲೇ ಇದ್ದರೆ ಜಮಾಖರ್ಚಿನಲ್ಲಿ ಎಲ್ಲಿಯೋ ಕೊರತೆಯಿದೆಯೆಂದು ತಿಳಿಯಬೇಕು. ಮುಳ್ಳು ಒಂದೆಡೆ ನಿಂತು ಗಂಟೆಗಟ್ಟಲೆ ಕದಲದೆ ಇದ್ದರೆ, ಹತ್ತು ಕಿಲೋಮೀಟರು ಓಡಿದರೂ ಸಾವಿರ ಕಿಲೋಮೀಟರು ಓಡಿದರೂ ಆ ಎಂಜಿನ್ನಿಗೆ ಉಷ್ಣದ ಭಯವಿಲ್ಲ. ೧೯೬೬ರ ಎಂಜಿಬಿ ೮೪ ಗಂಟೆ ಓಡಿದ್ದರ ಗುಟ್ಟಿನಲ್ಲಿ ಇದೂ ಸೇರಿತ್ತು.

ಕೊನೆಗೆ ವಿದ್ಯಾರ್ಥಿಗಳಿಗೊಂದು ಲೆಕ್ಕ. ಪ್ರಯಾಣಿಕರು ತುಂಬಿದ ೧೦ ಟನ್ ತೂಕದ ಬಸ್ಸೊಂದು ೫೦೦ ಮೀಟರ್ ಎತ್ತರದ ಘಟ್ಟವನ್ನು ಇಳಿಯುತ್ತದೆ. ಗಾಳಿಯ ತಡೆ ಮತ್ತು ಉರುಳು ಘರ್ಷಣೆಗೆ ಕಾಲುಭಾಗವನ್ನು ಬಿಟ್ಟರೆ, ಉಳಿದ ಶಕ್ತಿಯಿಂದ ೨೦ ಡಿಗ್ರಿಯ ಎಷ್ಟು ಲೀಟರ್ ನೀರನ್ನು ಕುದಿಬಿಂದುವಿಗೆ ತರಬಹುದು? ಉತ್ತರವನ್ನು ಕಂಡುಕೊಂಡವರು ಮುಂದಿನ ಸಲ ಘಟ್ಟ ಇಳಿಯುವ ಬಸ್ಸಿನಲ್ಲಿ ಕುಳಿತು, ಚಾಲಕನು ಕೆಳಗಿನ ಗೇರು ಹಾಕಿದಾಗ ಏಳುವ ಆ ಮೊರೆತವನ್ನು ಕೇಳಿದರೆ, ಅದರ ಅರ್ಥ ತಾನೇ ತಿಳಿಯುವುದು.